‘ಎಲ್ಲಾ ಮಾಡ್ತಾನೆ’ ಎನ್ನುವ ಮೊದಲು

ಕಳೆದ ರಂಝಾನ್‌ಗೆ ಸ್ವಲ್ಪ ಮೊದಲು ನನ್ನ ಮದ್ರಸದ ಒಬ್ಬ ಹುಡುಗನ ಉಮ್ಮ ಬಂದು ಒಂದು ಪತ್ರ ಕೇಳಿದರು. ಹುಡುಗನಿಗೆ ಹತ್ತು ವರ್ಷ. ಚಿಕ್ಕಂದಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಅವನ ಅಂಗವಿಕಲತೆಯ ಸರ್ಟಿಫಿಕೇಟಿನ ಅವಧಿ ಮುಗಿಯುತ್ತಾ ಬಂದಿತ್ತು. ಮತ್ತೆ ಆಸ್ಪತ್ರೆಗೆ ಹೋಗಿ ತಪಾಸಣೆ ಮಾಡಿಸಿ ಹೊಸದು ತೆಗೆದುಕೊಳ್ಳಬೇಕು. “ಶಾಲೆಯ ಲೆಟರ್ ಉಂಟು ಉಸ್ತಾದೇ, ಮದ್ರಸದ್ದೂ ಒಂದು ಇದ್ದರೆ ಒಳ್ಳೆಯದಂತೆ” ಎಂದರು.

ನಾನು ಸಂತೋಷದಿಂದಲೇ ಬರೆದುಕೊಟ್ಟೆ. ಒಳ್ಳೆಯ ಹುಡುಗ, ಶಾಂತ ಸ್ವಭಾವ, ಫಾತಿಹಾ ಬಾಯಿಪಾಠ ಬರುತ್ತದೆ, ಮೀಲಾದ್ ಕಾರ್ಯಕ್ರಮದಲ್ಲಿ ಸ್ಟೇಜ್ ಹತ್ತಿದ್ದಾನೆ. ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಅದೇ ಫಾತಿಹಾ ಕಲಿಯಲು ಅವನಿಗೆ ಮೂರು ವರ್ಷ ಹಿಡಿಯಿತು, ವುಝೂ ಮಾಡುವಾಗ ಇವತ್ತಿಗೂ ಯಾರಾದರೂ ಕೈ ಹಿಡಿದು ತೋರಿಸಬೇಕು, ತಂಗಿ ಕರಕೊಂಡು ಬಾರದಿದ್ದರೆ ಮದ್ರಸದ ದಾರಿ ಅವನಿಗೆ ಗೊತ್ತಾಗುವುದಿಲ್ಲ, ಎರಡು ಸಲ ಹೈವೇ ಕಡೆ ನಡೆದುಹೋದವನನ್ನು ಆಟೋದವರು ವಾಪಸ್ ತಂದು ಬಿಟ್ಟಿದ್ದಾರೆ. ಇದನ್ನೆಲ್ಲ ನಾನು ಬರೆಯಲಿಲ್ಲ. ಮಗುವಿನ ಕೊರತೆಯನ್ನು ಕಾಗದದಲ್ಲಿ ಬರೆಯುವುದು ಸರಿಯಲ್ಲ ಅಂತ ಕಂಡಿತು.

ಆಸ್ಪತ್ರೆಯಲ್ಲೂ ಇದೇ ಆಯಿತು. ಉಪ್ಪ ಗಲ್ಫ್‌ನಲ್ಲಿ. ಜೊತೆಗೆ ಹೋದದ್ದು ಸೋದರಮಾವ. ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ, ಉಮ್ಮನಿಗೆ ಸಲೀಸಾಗಿ ಬರುವುದು ಬ್ಯಾರಿ ಭಾಷೆ. ಹಾಗಾಗಿ ಉತ್ತರವೆಲ್ಲ ಮಾವನದ್ದೇ. ಊಟ ಮಾಡ್ತಾನಾ? ಮಾಡ್ತಾನೆ. ಬಟ್ಟೆ ಹಾಕ್ತಾನಾ? ಹಾಕ್ತಾನೆ. ಅಂಗಡಿಗೆ ಹೋಗ್ತಾನಾ? ಹೋಗ್ತಾನೆ. ಹೊಸ ಸರ್ಟಿಫಿಕೇಟ್ ಬಂದಾಗ 75 ಇದ್ದ ಶೇಕಡಾವಾರು 50ಕ್ಕೆ ಇಳಿದಿತ್ತು. ತಿಂಗಳ ಪಿಂಚಣಿಯೂ ಅರ್ಧಕ್ಕಿಂತ ಕೆಳಗೆ ಬಂತು. ಆ ದುಡ್ಡಿನಲ್ಲೇ ಆ ಉಮ್ಮ ವಾರಕ್ಕೆರಡು ದಿನ ಮಗನನ್ನು ಸ್ಪೀಚ್ ಥೆರಪಿಗೆ ಕರಕೊಂಡು ಹೋಗುತ್ತಿದ್ದರು. ಈಗ ಒಂದೇ ದಿನ.

ಡಾಕ್ಟರ್ ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಕೇಳಿದ್ದಕ್ಕೆ ನಾವು ಕೊಟ್ಟ ಉತ್ತರವೇ ಹಾಗಿತ್ತು.

ಈ ಲೆಕ್ಕ ಹೇಗೆ ನಡೆಯುತ್ತದೆ ಎಂದು ನಮ್ಮಲ್ಲಿ ತುಂಬಾ ಮನೆಗಳಿಗೆ ಗೊತ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಹೆಚ್ಚಿನ ಸೌಲಭ್ಯಗಳು ಶುರುವಾಗುವುದೇ ಶೇ. 40ರಿಂದ. ನಮ್ಮ ರಾಜ್ಯದ ಮಾಸಾಶನಕ್ಕೆ 75 ಇನ್ನೊಂದು ಗೆರೆ. ಅದರ ಕೆಳಗೆ ಇದ್ದವರಿಗೆ 800 ರೂಪಾಯಿ, ಮೇಲಿದ್ದವರಿಗೆ 1,400, ಬುದ್ಧಿಮಾಂದ್ಯರಾದರೆ ಇನ್ನೂ ಸ್ವಲ್ಪ ಹೆಚ್ಚು. ಬುದ್ಧಿಮಾಂದ್ಯ ಮಕ್ಕಳಲ್ಲಿ ಸೌಮ್ಯ ಎಂದರೆ 50, ಮಧ್ಯಮ ಎಂದರೆ 75, ತೀವ್ರ ಎಂದರೆ 90, ಅತಿ ತೀವ್ರ ಎಂದರೆ 100. ಇದನ್ನು ತೀರ್ಮಾನಿಸಲು ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ಇನ್ನೊಂದು ಅಳತೆಯೂ ಇದೆ. ಅದರಲ್ಲಿ ಮಗು ತಾನಾಗಿ ಉಣ್ಣುತ್ತದಾ, ಗುಂಡಿ ಹಾಕಿಕೊಳ್ಳುತ್ತದಾ, ಶೌಚಕ್ಕೆ ಒಬ್ಬನೇ ಹೋಗುತ್ತದಾ, ಚಿಲ್ಲರೆ ಲೆಕ್ಕ ತಿಳಿಯುತ್ತದಾ ಎಂಬಂಥ ಪ್ರಶ್ನೆಗಳು. ಅದಕ್ಕೆ ಉತ್ತರ ಕೊಡುವುದು ಮಗು ಅಲ್ಲ, ಮನೆಯವರು. ನಮ್ಮ ಒಂದೊಂದು ‘ಮಾಡ್ತಾನೆ’ಯೂ ಅಲ್ಲಿ ಅಂಕವಾಗುತ್ತದೆ.

ಮಕ್ಕಳ ಸರ್ಟಿಫಿಕೇಟ್ ಒಮ್ಮೆ ಮಾಡಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಬುದ್ಧಿಮಾಂದ್ಯ ಮಕ್ಕಳಿಗೆ ಸಾಮಾನ್ಯವಾಗಿ 5, 10 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ತಪಾಸಣೆ ಇರುತ್ತದೆ. 18ರಲ್ಲಿ ಸಿಕ್ಕಿದ್ದೇ ಜೀವಮಾನಕ್ಕೆ. ಅಂದರೆ ಆ ದಿನ ಅರ್ಧ ಗಂಟೆಯಲ್ಲಿ ನಾವು ಆಡುವ ಮಾತು ಆ ಮಗುವಿನ ಮುಂದಿನ ಎಷ್ಟೋ ವರ್ಷಗಳನ್ನು ನಿರ್ಧರಿಸುತ್ತದೆ.

ಹಾಗಾದರೆ ನಾವು ಯಾಕೆ ಮುಚ್ಚಿಡುತ್ತೇವೆ? ಒಂದು, ನಾಚಿಕೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಇನ್ನೂ ಹೆಚ್ಚು. ಎರಡು, ಪ್ರೀತಿ. ಹತ್ತು ವರ್ಷ ಕಷ್ಟಪಟ್ಟು ಮಗನಿಗೆ ಒಂದು ತುತ್ತು ತಾನಾಗಿ ಬಾಯಿಗೆ ಇಡಲು ಕಲಿಸಿದ ಉಮ್ಮನಿಗೆ ‘ಊಟ ಮಾಡ್ತಾನೆ’ ಅನ್ನುವುದು ಹೆಮ್ಮೆಯ ಮಾತು. ಮೂರು, ಸಬ್ರ್ ಬಗ್ಗೆ ನಮಗಿರುವ ತಪ್ಪು ತಿಳುವಳಿಕೆ. ‘ಹೇಗಿದ್ದಾನೆ’ ಎಂದು ಯಾರು ಕೇಳಿದರೂ ‘ಅಲ್‌ಹಮ್ದುಲಿಲ್ಲಾಹ್, ಏನೂ ತೊಂದರೆ ಇಲ್ಲ’ ಎಂದೇ ನಮ್ಮ ಬಾಯಲ್ಲಿ ಬರುವುದು. ಆದರೆ ಅಯ್ಯೂಬ್ ನಬಿ ತನ್ನ ಕಷ್ಟವನ್ನು ಬಾಯಿಬಿಟ್ಟು ಅಲ್ಲಾಹನ ಮುಂದೆ ಹೇಳಿಕೊಂಡರು, ಆದರೂ ಕುರ್‌ಆನ್ ಅವರನ್ನು ಸಹನಶೀಲರೆಂದೇ ಕರೆದಿದೆ. ಕಷ್ಟವನ್ನು ಇದ್ದ ಹಾಗೆ ಹೇಳಿದ ಮಾತ್ರಕ್ಕೆ ಸಬ್ರ್ ಕಡಿಮೆಯಾಗುವುದಿಲ್ಲ. ಡಾಕ್ಟರ್ ಕೇಳುವುದು ಕುಶಲೋಪರಿ ಅಲ್ಲ, ಸಾಕ್ಷ್ಯ. ಸಾಕ್ಷ್ಯವನ್ನು ಅರ್ಧ ಹೇಳುವುದು ಸರಿಯಲ್ಲ ಎಂದು ನಮ್ಮ ಮಕ್ಕಳಿಗೆ ಮದ್ರಸದಲ್ಲಿ ಪಾಠ ಮಾಡುವ ನಾನೇ ಅರ್ಧ ಬರೆದುಕೊಟ್ಟೆ.

ಹಾಗೆಂದು ಇದರ ವಿರುದ್ಧ ತಪ್ಪೂ ಆಗಬಾರದು. ‘ಮಗುವನ್ನು ಸುಮ್ಮನೆ ಕೂರಿಸಿ, ಏನೂ ಬರುವುದಿಲ್ಲ ಅಂತ ಹೇಳಿ’ ಎಂದು ಕಲಿಸಿಕೊಡುವ ದಲ್ಲಾಳಿಗಳೂ ಇದ್ದಾರೆ. ಅದು ಹರಾಮ್, ಕಾನೂನಿನಲ್ಲೂ ಅಪರಾಧ. ವಿಕಲಚೇತನರ ಸೌಲಭ್ಯವನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ನಾನು ಹೇಳುವುದು ಇಷ್ಟೆ. ‘ಮಾಡ್ತಾನೆ’ ಎಂಬಲ್ಲಿಗೆ ಮಾತು ನಿಲ್ಲಿಸಬೇಡಿ. ‘ಕಲಸಿ ಕೊಟ್ಟರೆ ಉಣ್ಣುತ್ತಾನೆ, ಮೀನಿನ ಮುಳ್ಳು ತೆಗೆಯಲು ಗೊತ್ತಾಗುವುದಿಲ್ಲ. ಅಂಗಡಿಗೆ ಹೋಗ್ತಾನೆ, ತಂಗಿ ಜೊತೆಗಿದ್ದರೆ ಮಾತ್ರ.’ ಮಗು ಮಾಡುವ ಕೆಲಸದ ಜೊತೆ ನೀವು ಕೊಡುವ ಸಹಾಯವನ್ನೂ ಹೇಳಿ. ಪೂರ್ತಿ ಸತ್ಯ ಅದು.

ಇದಕ್ಕೆ ಸ್ವಲ್ಪ ತಯಾರಿ ಬೇಕು. ಮೊದಲು ಸರ್ಟಿಫಿಕೇಟ್ ಮತ್ತು ಯುಡಿಐಡಿ ಕಾರ್ಡನ್ನು ಕಪಾಟಿನಿಂದ ಹೊರಗೆ ತೆಗೆದು ಅವಧಿ ಯಾವಾಗ ಮುಗಿಯುತ್ತದೆ ನೋಡಿ. ನಾಲ್ಕೈದು ತಿಂಗಳು ಮೊದಲೇ ವಿಚಾರಿಸಲು ಶುರು ಮಾಡಿ. ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಗೊತ್ತಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯತ್‌ನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿ. ಅದು ಅವರ ಕೆಲಸವೇ.

ತಪಾಸಣೆಗೆ ಎರಡು ವಾರ ಮೊದಲು ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಮಗುವಿಗೆ ಯಾರು, ಯಾವುದಕ್ಕೆ, ಎಷ್ಟು ಹೊತ್ತು ಸಹಾಯ ಮಾಡಿದರು ಎಂದು ಬರೆಯಿರಿ. ರಾತ್ರಿ ಎಷ್ಟು ಸಲ ಎದ್ದಿರಿ, ಹಠ ಬಂದಾಗ ಏನಾಯಿತು, ಎಲ್ಲವೂ. ಒಳ್ಳೆಯ ದಿನ, ಕೆಟ್ಟ ದಿನ ಎರಡೂ ಇರಲಿ. ಉಮ್ಮನಿಗೆ ಬರೆಯಲು ಆಗದಿದ್ದರೆ ಅವರು ಹೇಳಲಿ, ದೊಡ್ಡ ಮಗಳು ಬರೆಯಲಿ. ಹಳೆಯ ಸರ್ಟಿಫಿಕೇಟ್, ಆಧಾರ್, ಫೋಟೋ, ಮದ್ದಿನ ಚೀಟಿಗಳು, ಥೆರಪಿಯ ರಿಪೋರ್ಟ್‌ಗಳನ್ನು ಒಂದೇ ಫೈಲಿನಲ್ಲಿ ಹಾಕಿ.

ಆ ದಿನ ಮಗುವನ್ನು ದಿನಾ ನೋಡಿಕೊಳ್ಳುವವರೇ ಹೋಗಬೇಕು. ಅದು ಉಮ್ಮನಾಗಿರಬಹುದು, ಅಜ್ಜಿಯಾಗಿರಬಹುದು. ಗಂಡಸರು ಜೊತೆಗೆ ಹೋಗಿ, ಭಾಷೆ ತೊಡಕಾದರೆ ತರ್ಜುಮೆ ಮಾಡಿ, ಆದರೆ ಉತ್ತರ ನಿಮ್ಮದಾಗಬಾರದು. ‘ಇವರು ಬ್ಯಾರಿಯಲ್ಲಿ ಹೇಳ್ತಾರೆ, ನಾನು ಕನ್ನಡದಲ್ಲಿ ಹೇಳ್ತೇನೆ’ ಎಂದು ಮೊದಲೇ ಡಾಕ್ಟರಿಗೆ ತಿಳಿಸಿ. ತೀರ್ಮಾನ ಸರಿಯಿಲ್ಲ ಎಂದು ಕಂಡರೆ ಕಾಯ್ದೆಯ 59ನೇ ಸೆಕ್ಷನ್‌ನಡಿ ಮೇಲ್ಮನವಿಗೆ ಅವಕಾಶ ಉಂಟು. ಅದಕ್ಕೆ ಗಡುವು ಇರುತ್ತದೆ, ಆದ್ದರಿಂದ ತಡ ಮಾಡದೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೋಗಿ ಕೇಳಿ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಮದುವೆಗೆ, ಮನೆ ಕಟ್ಟಲು, ಆಪರೇಷನ್‌ಗೆ ನಾವು ದುಡ್ಡು ಒಟ್ಟು ಮಾಡುತ್ತೇವೆ. ಅಲ್ಲಾಹು ಸ್ವೀಕರಿಸಲಿ. ಆದರೆ ಜಮಾಅತ್‌ನಲ್ಲಿ ಎಷ್ಟು ಮನೆಗಳಲ್ಲಿ ವಿಶೇಷ ಮಕ್ಕಳಿದ್ದಾರೆ, ಯಾರ ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ ಎಂಬ ಒಂದು ಪಟ್ಟಿ ಎಷ್ಟು ಮಸೀದಿಗಳಲ್ಲಿದೆ? ಇದಕ್ಕೆ ದುಡ್ಡು ಬೇಡ. ತಿಂಗಳಿಗೊಂದು ಸಂಜೆ ಮದ್ರಸದ ಒಂದು ಕೋಣೆ, ಕಂಪ್ಯೂಟರ್ ಗೊತ್ತಿರುವ ಇಬ್ಬರು ಯುವಕರು, ಉಮ್ಮಂದಿರ ಮಾತು ಕೇಳಿ ಬರೆದುಕೊಳ್ಳಲು ಇಬ್ಬರು ಹೆಣ್ಣುಮಕ್ಕಳು ಇದ್ದರೆ ಸಾಕು.

ನನ್ನ ಆ ಹುಡುಗನ ಮನೆಯವರು ಮೇಲ್ಮನವಿ ಕೊಟ್ಟಿದ್ದಾರೆ. ಈ ಸಲ ಉಮ್ಮ ಹೇಳಿದರು, ಮಗಳು ಬರೆದಳು, ಎರಡು ವಾರದ ನೋಟ್‌ಬುಕ್ ಅರ್ಜಿಯ ಜೊತೆ ಹೋಗಿದೆ. ನಾನೂ ಹೊಸ ಪತ್ರ ಬರೆದೆ. ಫಾತಿಹಾ ಬರುತ್ತದೆ ಎಂದೂ ಬರೆದೆ, ಮೂರು ವರ್ಷ ಹಿಡಿಯಿತು ಎಂದೂ ಬರೆದೆ. ಓದಿ ಹೇಳುವಾಗ ಆ ಉಮ್ಮನ ಕಣ್ಣಲ್ಲಿ ನೀರು ಬಂತು. “ಇದನ್ನು ಯಾರೂ ನೋಡುವುದಿಲ್ಲ ಅಂತ ಇದ್ದೆ ಉಸ್ತಾದೇ” ಎಂದರು. ಉತ್ತರ ಇನ್ನೂ ಬಂದಿಲ್ಲ. ದುಆ ಮಾಡಿ.