ಡ್ರಿಲ್ಲಿಗೆ ಗಂಡು ಕೈಯೇ ಬೇಕೆ?

ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಗಂಡಸರು ಮನೆಗೆ ಬರುವ ತನಕ ಕಾಯಬೇಕು ಎಂಬುದು ನಮ್ಮ ಮಧ್ಯಮವರ್ಗದ ಮನೆಗಳ ಅಲಿಖಿತ ಕಾನೂನು. ಈಗ ಸುತ್ತಿಗೆಯ ಜಾಗಕ್ಕೆ ಡ್ರಿಲ್ ಮಷಿನ್ ಬಂದಿದೆ, ಕಾನೂನು ಮಾತ್ರ ಬದಲಾಗಿಲ್ಲ. ಪರದೆಯ ಕಂಬಿ, ದೇವರ ಕೋಣೆಯ ಹಲಗೆ, ಅಡಿಗೆಮನೆಯ ಸಟ್ಟುಗದ ಸ್ಟ್ಯಾಂಡು, ಇವೆಲ್ಲ ಬೇಕಾಗಿರುವುದು ನಮಗೆ. ತೂತು ಕೊರೆಯುವ ಅಧಿಕಾರ ಮಾತ್ರ ಇನ್ನೊಬ್ಬರದು! ಅಂಥದರಲ್ಲಿ ಆ ಯಂತ್ರವೇ ಕೈಕೊಟ್ಟರಂತೂ ಕೆಲಸ ಮುಂದಿನ ಭಾನುವಾರಕ್ಕೆ, ಅಲ್ಲಿಂದ ದೀಪಾವಳಿಗೆ ಹೋಗುತ್ತದೆ.

ಹಾಗೆ ಕೈಕೊಡುವ ಬಗೆಗಳಲ್ಲಿ ತೀರಾ ಸಾಮಾನ್ಯವಾದದ್ದು ಹಿಡಿತ ತಪ್ಪುವುದು. ಹಳೆಯ ಡ್ರಿಲ್ಲುಗಳಲ್ಲಿ ಹಲ್ಲಿನ ಕೀ ತೂರಿಸಿ ತಿರುಗಿಸಿ ಬಿಟ್ಟನ್ನು ಬಿಗಿಮಾಡಬೇಕಿತ್ತು. ಈಗ ಮನೆಬಳಕೆಗೆ ಬರುವ ಎಷ್ಟೋ ಡ್ರಿಲ್ಲುಗಳಲ್ಲಿ ಕೀ ಇಲ್ಲ. ಮೂತಿಯಲ್ಲಿರುವ ಬಳೆಯಂಥ ಭಾಗವನ್ನು ಕೈಯಿಂದಲೇ ತಿರುಗಿಸಿದರಾಯಿತು. ಬಿಟ್ಟನ್ನು ಕಚ್ಚಿ ಹಿಡಿಯುವ ಆ ಮೂತಿಗೇ ಚಕ್ ಎಂದು ಹೆಸರು. ಕೆಲವು ದಿನ ಕಳೆದ ಮೇಲೆ ಗೋಡೆಗೆ ಒತ್ತಿದ ಕೂಡಲೇ ಚಕ್ ಗಿರಗಿರನೆ ತಿರುಗುತ್ತದೆ, ಬಿಟ್ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಇಲ್ಲವೇ ಮಷಿನ್ ಹಿಂದಕ್ಕೆಳೆದರೆ ಬಿಟ್ ಗೋಡೆಯಲ್ಲೇ ಉಳಿದು ಅಣಕಿಸುತ್ತದೆ.

ಆಗ ಮೂರು ತೀರ್ಪು ಹೊರಬೀಳುತ್ತವೆ. ಮನೆಯವರು, "ನೀನು ಸರಿಯಾಗಿ ಬಿಗಿಮಾಡಿಲ್ಲ, ಹೆಂಗಸರ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿರುತ್ತೆ?" ಎನ್ನುತ್ತಾರೆ. ಪಕ್ಕದ ಮನೆಯವರು, "ಕೀ ಇಲ್ಲದ್ದು ಎಲ್ಲಾ ಡಕೋಟಾ ಮಾಲು" ಎನ್ನುತ್ತಾರೆ. ಅಂಗಡಿಯವನು ಮಷಿನ್ ಕೈಯಲ್ಲಿ ಹಿಡಿದೂ ನೋಡದೆ, "ಚಕ್ ಹೋಗಿದೆ, ಹೊಸದು ತಗೊಂಡ್‌ಬಿಡಿ ಮೇಡಂ" ಎನ್ನುತ್ತಾನೆ. ಮೂವರಲ್ಲಿ ಒಬ್ಬರೂ ಚಕ್ಕಿನ ಬಾಯಿ ತೆರೆದು ಒಳಗೆ ನೋಡಿರುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಒಳಗಿರುವುದು ಬ್ರಹ್ಮವಿದ್ಯೆಯೇನೂ ಅಲ್ಲ. ಮೂರು ಉಕ್ಕಿನ ದವಡೆಗಳು ಓರೆಯಾದ ಮೂರು ಕಿಂಡಿಗಳಲ್ಲಿ ಕೂತಿರುತ್ತವೆ. ಅವುಗಳ ಬೆನ್ನ ಮೇಲೆ ಸ್ಕ್ರೂವಿಗಿರುವಂಥ ಸುತ್ತುಗಳಿರುತ್ತವೆ. ಹೊರಗಿನ ಬಳೆ ತಿರುಗಿದಾಗ ಒಳಗಿನ ಉಂಗುರವೊಂದು ಜೊತೆಗೆ ತಿರುಗಿ ದವಡೆಗಳನ್ನು ಮುಂದಕ್ಕೆ ದೂಡುತ್ತದೆ. ಕಿಂಡಿ ಓರೆಯಾಗಿರುವುದರಿಂದ ಅವು ಮುಂದೆ ಬಂದಷ್ಟೂ ಒಂದಕ್ಕೊಂದು ಹತ್ತಿರವಾಗಿ ಬಿಟ್ಟನ್ನು ಕಚ್ಚುತ್ತವೆ. ಹಲ್ಲಿನ ಕೀ ಇರುವ ಚಕ್ಕಿಗೆ ಅಮೆರಿಕದ ಆರ್ಥರ್ ಜೇಕಬ್ಸ್ ಎಂಬಾತ 1902ರಲ್ಲಿ ಪೇಟೆಂಟ್ ಪಡೆದ. ಹಳೆಯ ಚಕ್ಕನ್ನು ಸ್ಪ್ಯಾನರಿನಿಂದ ಬಿಗಿಮಾಡುವಾಗ ಬೆರಳ ಗೆಣ್ಣು ತರಚಿಕೊಂಡದ್ದೇ ಅವನಿಗೆ ಪ್ರೇರಣೆಯಂತೆ. ನೋವಾದವನು ಯಾಕೆ ನೋವಾಯಿತೆಂದು ಯೋಚಿಸಿದ, ಅಷ್ಟೇ. ಅದಕ್ಕೆ ಗಂಡಸೇ ಆಗಬೇಕೆಂದಿಲ್ಲ.

ಈಗ ಹಿಡಿತ ತಪ್ಪಲು ಕಾರಣ ಹುಡುಕೋಣ. ಮೊದಲು ಪ್ಲಗ್ ಕೀಳಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿಡಿ. ಮೊದಲ ಶಂಕಿತ ಗೋಡೆಯ ಧೂಳು. ಸಿಮೆಂಟು, ಇಟ್ಟಿಗೆ ಕೊರೆದಾಗ, ಅದರಲ್ಲೂ ತಾರಸಿಗೆ ತಲೆಯೆತ್ತಿ ಕೊರೆದಾಗ, ಪುಡಿ ನೇರವಾಗಿ ಚಕ್ಕಿನ ಬಾಯಿಗೇ ಬೀಳುತ್ತದೆ. ದವಡೆಗಳು ಕಿಂಡಿಯಲ್ಲಿ ಸಲೀಸಾಗಿ ಜಾರುವುದಿಲ್ಲ. ಬಳೆ ಬಿಗಿಯಾಯಿತೆಂದು ಕೈಗೆ ಅನ್ನಿಸುತ್ತದೆ, ಬಿಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಬಾಯಿ ಪೂರ್ತಿ ತೆರೆದು, ಮೂತಿ ಕೆಳಗೆ ಮಾಡಿ ಮೆಲ್ಲನೆ ತಟ್ಟಿ. ಹಳೆಯ ಟೂತ್‌ಬ್ರಷ್ಷಿನಿಂದ ದವಡೆಗಳ ಸಂದು ಉಜ್ಜಿ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ತೊಟ್ಟು ಬಿಟ್ಟು, ನಾಲ್ಕಾರು ಸಲ ತೆರೆದು ಮುಚ್ಚಿ, ಹೆಚ್ಚಾದ ಎಣ್ಣೆ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗಿ ಇನ್ನಷ್ಟು ಧೂಳು ಹಿಡಿಯುತ್ತದೆ. ದವಡೆಗಳ ಕಚ್ಚುವ ಅಂಚಿನಲ್ಲೂ ಬಿಟ್ಟಿನ ಬುಡದಲ್ಲೂ ಜಿಡ್ಡು ಉಳಿಯಬಾರದು.

ಎರಡನೆಯದು ಬಿಟ್ ಕೂರಿಸಿದ ರೀತಿ. ದವಡೆಗಳು ಕಚ್ಚಬೇಕಾದದ್ದು ಬಿಟ್ಟಿನ ನುಣುಪಾದ ಬುಡವನ್ನು, ಸುರುಳಿ ಇರುವ ಭಾಗವನ್ನಲ್ಲ. ಸಣ್ಣ ಬಿಟ್ ಮೂರು ದವಡೆಗಳ ನಡುವೆ ಕೂರದೆ ಎರಡರ ಸಂದಿಗೆ ಸಿಕ್ಕಿಕೊಳ್ಳುವುದುಂಟು. ಬಿಗಿಮಾಡುವಾಗ ನೆಟ್ಟಗಿದೆಯೇ ಎಂದು ಕಣ್ಣಿಂದ ನೋಡಬೇಕು. ಬುಡದಲ್ಲಿ ಸುತ್ತಲೂ ಗೀರು ಬಿದ್ದು ಸವೆದ ಬಿಟ್ ಇದ್ದರೆ ತಪ್ಪು ಚಕ್ಕಿನದಲ್ಲ, ಬಿಟ್ಟಿನದು. ಆರು ಮೂಲೆಯ ಬುಡದ ಬಿಟ್ ಸಿಕ್ಕರೆ ಅದು ಸುಲಭಕ್ಕೆ ಜಾರುವುದಿಲ್ಲ. ಇನ್ನು ಗೋಡೆಗೆ ಕುಟ್ಟುತ್ತಾ ಕೊರೆಯುವ ಹ್ಯಾಮರ್ ಡ್ರಿಲ್ಲಿನಲ್ಲಿ ಅದುರಾಟಕ್ಕೆ ಚಕ್ ತಾನಾಗಿ ಸಡಿಲವಾಗಬಹುದು. ಎರಡು ಬಳೆ ಇದ್ದರೆ ಹಿಂದಿನದನ್ನು ಹಿಡಿದು ಮುಂದಿನದನ್ನು ತಿರುಗಿಸಿ. ಕಟಕಟ ಸದ್ದು ಬರುವ ಜಾತಿಯದಾದರೆ ಆ ಸದ್ದು ಬರುವವರೆಗೆ ಬಿಗಿಮಾಡಿ. ಎರಡು ತೂತಿಗೊಮ್ಮೆ ಮಷಿನ್ ನಿಲ್ಲಿಸಿ ಮತ್ತೆ ಬಿಗಿಮಾಡಿ. ಕೈ ಜಾರಿದರೆ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಮಾಡುವ ಹಾಗೆ ಒಂದು ತುಂಡು ರಬ್ಬರ್ ಸುತ್ತಿಕೊಳ್ಳಿ. "ಶಕ್ತಿ ಸಾಲದು" ಎಂಬ ಮಾತಿಗೆ ಅಷ್ಟೇ ಮದ್ದು. ಕೆಲವು ಗಂಡಸರು ಚಕ್ಕನ್ನು ಅಂಗೈಯಲ್ಲಿ ಹಿಡಿದು ಮಷಿನ್ ಚಾಲೂ ಮಾಡಿ ಬಿಗಿಮಾಡುವ ಶೌರ್ಯ ತೋರುತ್ತಾರೆ. ಅದನ್ನು ಮಾತ್ರ ಕಲಿಯಬೇಡಿ, ಅಂಗೈ ತಿರುಚಿಹೋಗುತ್ತದೆ.

ಇಷ್ಟಾದರೂ ಜಾರಿದರೆ ಟಾರ್ಚ್ ಹಾಕಿ ದವಡೆಗಳ ಅಂಚು ನೋಡಿ. ಅವು ಸವೆದಿದ್ದರೆ, ಒಂದು ಹಿಂದೆ ಒಂದು ಮುಂದೆ ಆಗಿದ್ದರೆ, ಚಕ್ ಬದಲಿಸಬೇಕು ನಿಜ. ಆದರೆ ಚಕ್ಕನ್ನು ಮಾತ್ರ, ಇಡೀ ಮಷಿನ್ನನ್ನಲ್ಲ! ಹತ್ತು ಅಥವಾ ಹದಿಮೂರು ಮಿಲಿಮೀಟರಿನ ಚಕ್ ಬಿಡಿಯಾಗಿ ಸಿಗುತ್ತದೆ. ಅಳತೆ ಹೊಂದಿಸಲು ಹಳೆಯದನ್ನು ಜೊತೆಗೊಯ್ಯಿರಿ. ಹಿಂದೆಮುಂದೆ ಎರಡೂ ಕಡೆ ತಿರುಗುವ ಬಹುತೇಕ ಡ್ರಿಲ್ಲುಗಳಲ್ಲಿ ಚಕ್ಕಿನ ಬಾಯೊಳಗೆ, ತಳದಲ್ಲಿ, ಒಂದು ಸ್ಕ್ರೂ ಇರುತ್ತದೆ. ಅದು ಉಲ್ಟಾ ಸ್ಕ್ರೂ, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದೊಂದು ಗೊತ್ತಿಲ್ಲದೆ ಬಲಪ್ರಯೋಗ ಮಾಡಿ ಸ್ಕ್ರೂವಿನ ತಲೆ ಹಾಳುಮಾಡಿದ ಮಹಾಶಯರು ಊರಿಗೆ ಹತ್ತು ಮಂದಿ ಸಿಗುತ್ತಾರೆ.

ಈಗ ಹೇಳಿ, ಇದರಲ್ಲಿ ಹೆಣ್ಣಿನ ಬುದ್ಧಿಗೆ ಎಟುಕದ್ದು ಯಾವುದು? ಕುಕ್ಕರ್ ಕೂಗದಿದ್ದರೆ ನಾವು ಹೊಸ ಕುಕ್ಕರ್ ತರಲು ಓಡುತ್ತೇವೆಯೇ? ಗ್ಯಾಸ್ಕೆಟ್ ಸಡಿಲವೇ, ವೆಯ್ಟಿನ ತೂತಿನಲ್ಲಿ ಬೇಳೆ ಸಿಕ್ಕಿದೆಯೇ, ನೀರು ಕಮ್ಮಿಯಾಯಿತೇ ಎಂದು ಒಂದೊಂದಾಗಿ ನೋಡುತ್ತೇವೆ. ಹೊಲಿಗೆ ಯಂತ್ರ ಹೊಲಿಗೆ ತಪ್ಪಿಸಿದರೆ ಸೂಜಿ ಮೊಂಡಾಗಿದೆಯೇ, ತಿರುವುಮುರುವು ಕೂತಿದೆಯೇ ಎಂದು ನೋಡಿ, ಬಾಬಿನ್ ಕೇಸಿನ ಸಾಸಿವೆಯಷ್ಟು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡುತ್ತೇವೆ. ಅದಕ್ಕಿಂತ ನಾಜೂಕಾದ ರಿಪೇರಿ ಚಕ್ಕಿನಲ್ಲಿ ಏನಿದೆ? ನಮ್ಮ ಕೈಯ ಆ ವಿದ್ಯೆಗೆ 'ಮನೆಗೆಲಸ' ಎಂದು ಹೆಸರು, ಅದೇ ವಿದ್ಯೆ ಗಂಡಸಿನ ಕೈಯಲ್ಲಿದ್ದರೆ 'ಟೆಕ್ನಿಕ್ಕು'!

ಈ ಭೇದ ಶಾಲೆಯಲ್ಲೇ ಮೊಳೆಯುತ್ತದೆ. ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಕಸೂತಿ ಎಂದು ಕ್ರಾಫ್ಟ್ ಪೀರಿಯಡ್ಡನ್ನು ಹಂಚಿದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಗಂಡು ಹೆಣ್ಣೆಂದು ಪಠ್ಯಕ್ರಮ ಬೇರೆಮಾಡಬಾರದು ಎಂದು ಹಂಸಾ ಮೆಹ್ತಾ ಅವರ ಸಮಿತಿ 1960ರ ದಶಕದಲ್ಲೇ ಹೇಳಿತ್ತು. 1964-66ರ ಕೊಠಾರಿ ಆಯೋಗವೂ ಅದನ್ನು ಒಪ್ಪಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪುಟಗಳಲ್ಲೂ ಆರರಿಂದ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ ಮರಗೆಲಸ, ವಿದ್ಯುತ್ ಕೆಲಸಗಳ ಪರಿಚಯವಾಗಲಿ ಎಂದಿದೆ. ಕಾಗದದಲ್ಲಿ ಎಲ್ಲರೂ ಸಮಾನರೇ. ಸ್ಕ್ರೂಡ್ರೈವರ್ ಹಂಚುವ ಹೊತ್ತಿಗೆ ಮಾತ್ರ, "ಹುಡುಗೀರು ಈ ಕಡೆ ಕೂತು ನೋಡಿ" ಎಂಬ ಮಾತು ಬಂದುಬಿಡುತ್ತದೆ.

"ಇರುವ ಕೆಲಸವೇ ಸಾಕಾಗಿದೆ, ಇದನ್ನೂ ತಲೆಗೆ ಕಟ್ಟಿಕೊಳ್ಳಬೇಕೇ?" ಎಂದು ಅಕ್ಕತಂಗಿಯರು ಕೇಳಬಹುದು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಡ್ರಿಲ್ ಹಿಡಿದವಳೇ ಅನ್ನಕ್ಕೂ ಇಡಬೇಕು ಎಂದಾದರೆ ಅದು ಬಿಡುಗಡೆಯಲ್ಲ, ಬಿಟ್ಟಿ ಚಾಕರಿ. ಅದಕ್ಕೇ ನಾನು ಕೇಳುವುದು ಅದಲುಬದಲು. ಹೆಣ್ಣುಮಕ್ಕಳು ಚಕ್ ಬಿಚ್ಚಲು ಕಲಿಯುವ ದಿನವೇ ಗಂಡುಮಕ್ಕಳು ಗ್ಯಾಸ್ಕೆಟ್ ಹಾಕಿ ಕುಕ್ಕರ್ ಇಡಲು ಕಲಿಯಲಿ. ಆದರೂ ಕಲಿಯದೆ ಉಳಿದರೆ ಕಳೆದುಕೊಳ್ಳುವವರು ನಾವೇ. ಒಂಟಿಯಾಗಿರುವವಳು, ಗಂಡ ಪರಊರಿನಲ್ಲಿರುವವಳು, ಮಕ್ಕಳು ದೂರವಾದ ಮುದುಕಿ, ಇವರೆಲ್ಲ ಒಂದು ತೂತಿಗಾಗಿ ಯಾರದೋ ಮರ್ಜಿ ಕಾಯಬೇಕು, ಅಂಗಡಿಯವನು ಹೇಳಿದ ರೇಟು ಕೊಡಬೇಕು.

ಆದ್ದರಿಂದ ಸೆರಗು ಸಿಕ್ಕಿಸಿ, ಬಳೆ ತೆಗೆದಿಟ್ಟು, ಜಡೆ ಎತ್ತಿ ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿ, ಮಗಳನ್ನೂ ಮಗನನ್ನೂ ಒಟ್ಟಿಗೆ ಕೂರಿಸಿಕೊಂಡು ಮನೆಯ ಡ್ರಿಲ್ಲಿನ ಚಕ್ ಒಮ್ಮೆ ತೆರೆದು ತೋರಿಸಿ. "ನಿನಗೆ ಗೊತ್ತಾಗಲ್ಲ ಬಿಡು" ಎಂದವರಿಗೆ ಎದುರು ವಾದಿಸುವ ಗೋಜು ಬೇಡ. ಬಾಯಿ ತೆರೆದ ಚಕ್ಕನ್ನು ಅವರ ಕೈಗೇ ಕೊಟ್ಟು, "ಯಾಕೆ ಜಾರುತ್ತಿದೆ, ಹೇಳಿ ನೋಡೋಣ" ಎಂದು ಕೇಳಿ ಸಾಕು.