ಜಪಾನಿನ ಬೇಸಾಯಗಾರರೂ ಬುದ್ಧಿಯಂತ್ರಗಳೂ

ಜಪಾನ್ ದೇಶದವರು ಹೊಸ ಯಂತ್ರಗಳನ್ನೂ ಹೊಸ ವಿದ್ಯೆಗಳನ್ನೂ ಯಾವ ಮನಸ್ಸಿನಿಂದ ಕಾಣುತ್ತಾರೆಂಬ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳು ಹಬ್ಬಿವೆ. ಅಲ್ಲಿನವರು ಹೊಸ ಯಂತ್ರ ಬಂದೊಡನೆ ಮನೆಗೆ ತಂದುಕೊಳ್ಳುವವರೆಂಬುದು ಒಂದು ಮಾತು. ಅಲ್ಲಿನ ಕಚೇರಿಗಳವರು ಕಾಗದ, ಮೊಹರು, ಫ್ಯಾಕ್ಸುಗಳನ್ನು ಬಿಡಲಾರದೆ ಹಳೆಯದಕ್ಕೇ ಜೋತುಬಿದ್ದವರೆಂಬುದು ಇನ್ನೊಂದು. ಎರಡಕ್ಕೂ ಆಧಾರವುಂಟು. ಕಾರ್ಖಾನೆಗಳಲ್ಲಿ ಯಂತ್ರದ ತೋಳುಗಳನ್ನು 1969ರಿಂದಲೇ ತಯಾರಿಸತೊಡಗಿದ ದೇಶವದು. ಆದರೆ ಅರ್ಜಿಗಳನ್ನು ಫ್ಲಾಪಿ ತಟ್ಟೆಗಳಲ್ಲಿ ಸಲ್ಲಿಸಬೇಕೆಂದಿದ್ದ ಸಾವಿರಕ್ಕೂ ಹೆಚ್ಚು ಸರ್ಕಾರಿ ನಿಯಮಗಳು ಅಲ್ಲಿ ರದ್ದಾದದ್ದು 2024ರಲ್ಲಿ. ಈ ವೈಚಿತ್ರ್ಯದ ಕಾರಣವನ್ನು ತಿಳಿಯಬೇಕಾದರೆ ಪಟ್ಟಣದ ಕಚೇರಿಗಿಂತ ಬತ್ತದ ಗದ್ದೆಯನ್ನು ನೋಡುವುದೇ ಮೇಲು. ಜಪಾನಿನ ರೈತನು ಹೊಸದನ್ನು ಬೇಡವೆನ್ನುವವನೂ ಅಲ್ಲ, ಕಂಡೊಡನೆ ನಂಬುವವನೂ ಅಲ್ಲ. ಯಾವುದನ್ನು, ಯಾರ ಹೊಣೆಯ ಮೇಲೆ, ಎಷ್ಟು ಖರ್ಚಿನಲ್ಲಿ ಒಪ್ಪಬೇಕೆಂಬುದನ್ನು ಅವನು ಹಲವು ಸಲ ಪೆಟ್ಟು ತಿಂದು ಕಲಿತವನು. ಆ ಕಥೆಯನ್ನು ಗ್ರಾಮಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಮೊದಲನೆಯ ಪಾಠವು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದ್ದು. ಯೊಕೊಯಿ ಟೊಕಿಯೊಶಿ ಎಂಬ ವ್ಯವಸಾಯ ಪಂಡಿತರು 1882ರಲ್ಲಿ ಬಿತ್ತನೆ ಬತ್ತವನ್ನು ಉಪ್ಪುನೀರಿನಲ್ಲಿ ಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿ ಕಾಳನ್ನು ಮಾತ್ರ ಬಿತ್ತುವ ಕ್ರಮವನ್ನು ರೂಪಿಸಿದರು. ಖರ್ಚು ಅಲ್ಪ, ಫಲ ಪ್ರತ್ಯಕ್ಷ. ಆದರೂ ಎಲ್ಲರೂ ಒಡನೆಯೇ ಒಪ್ಪಲಿಲ್ಲ. 1903ರಲ್ಲಿ ಸರ್ಕಾರದವರು ಉಪ್ಪುನೀರಿನ ಆಯ್ಕೆ, ನೀಳವಾದ ಒಟ್ಲುಪಾತಿ, ಸಾಲುನಾಟಿ ಮೊದಲಾದ ಹದಿನಾಲ್ಕು ಅಂಶಗಳನ್ನು ವ್ಯವಸಾಯ ಸಂಘಗಳಿಗೆ ವಿಧಿಸಿದರು. ಕೆಲವು ಪ್ರಾಂತಗಳಲ್ಲಿ ಪೊಲೀಸಿನವರೇ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ನಿಂತು ಇವನ್ನು ನಡೆಯಿಸಿದರು. ಅದಕ್ಕೆ ಜನರು ಕತ್ತಿಯ ವ್ಯವಸಾಯವೆಂದು ಹೆಸರಿಟ್ಟರು. ಹೇಳಿದ ಕ್ರಮವು ಒಳ್ಳೆಯದೇ ಆಗಿತ್ತು. ಹೇಳಿದ ರೀತಿ ಒಳ್ಳೆಯದಾಗಿರಲಿಲ್ಲ. ಕತ್ತಿಗೆ ಹೆದರಿ ನೆಟ್ಟ ಸಾಲು ಮನಸ್ಸಿನಲ್ಲಿ ಬೇರೂರಲಿಲ್ಲ. ಸಾಲಿನ ನಡುವೆ ಕಳೆ ತೆಗೆಯುವ ಉರುಳೆಯಂತ್ರವನ್ನು ತಳ್ಳಿ, ಬಗ್ಗಿದ ಬೆನ್ನು ನೆಟ್ಟಗಾದದ್ದನ್ನು ಅನುಭವಿಸಿದ ಮೇಲೆಯೇ ಸಾಲುನಾಟಿ ರೈತನ ಸ್ವಂತ ಪದ್ಧತಿಯಾಯಿತು.

ಎರಡನೆಯ ಪಾಠವು ಇದಕ್ಕಿಂತಲೂ ಕಠಿನವಾದದ್ದು. 1946ರಿಂದ ನಡೆದ ಭೂಸುಧಾರಣೆಯಿಂದ ಗೇಣಿದಾರರಲ್ಲಿ ಹೆಚ್ಚಿನವರು ತಾವು ಉಳುವ ಹೊಲಕ್ಕೆ ಒಡೆಯರಾದರು. ಸಣ್ಣ ಉಳುಮೆಯಂತ್ರಗಳು 1950ರ ದಶಕದ ಕೊನೆಯಿಂದ ವೇಗವಾಗಿ ಹರಡಿದವು. ಪೆಟ್ಟಿಗೆಗಳಲ್ಲಿ ಎಳೆಯ ಅಗೆಯನ್ನು ಬೆಳೆಸಿ ಯಂತ್ರದಿಂದ ನಾಟಿಮಾಡುವ ಪದ್ಧತಿಯು 1970ರ ದಶಕದಲ್ಲಿ ದೇಶದ ಬಹುಭಾಗವನ್ನು ವ್ಯಾಪಿಸಿತು. ಆಗ ನಡೆದ ತಪ್ಪೇನೆಂದರೆ, ನೆರೆಯವನು ಕೊಂಡನೆಂದು ಪ್ರತಿಯೊಬ್ಬನೂ ಕೊಂಡದ್ದು. ಎರಡು ಮೂರು ಎಕರೆ ಗದ್ದೆಯವನು ಉಳುಮೆಗೊಂದು, ನಾಟಿಗೊಂದು, ಕೊಯ್ಲಿಗೊಂದು ಯಂತ್ರವನ್ನು ಮನೆಯಲ್ಲಿಟ್ಟನು. ನಾಟಿಯ ಯಂತ್ರಕ್ಕೆ ವರ್ಷದಲ್ಲಿ ಕೆಲಸ ಕೆಲವೇ ದಿವಸ. ಉಳಿದ ದಿವಸಗಳಲ್ಲಿ ಅದು ಕೊಟ್ಟಿಗೆಯಲ್ಲಿ ತುಕ್ಕು ತಿನ್ನುತ್ತಿದ್ದರೂ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಂತು ತೀರಿಸುವುದಕ್ಕಾಗಿ ಮನೆಯ ಯಜಮಾನನು ಪಟ್ಟಣದ ಕಾರ್ಖಾನೆಗೆ ಕೂಲಿಗೆ ಹೋಗಬೇಕಾಯಿತು. ಈ ಸ್ಥಿತಿಗೆ ಜಪಾನಿನವರು ಯಂತ್ರಗಳಿಂದಾದ ಬಡತನವೆಂದೇ ಹೆಸರು ಕೊಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಮರೆತದ್ದರ ಫಲವಿದು.

ಇದಕ್ಕೆ ಅವರು ಕಂಡುಕೊಂಡ ಪರಿಹಾರವು ಹಳ್ಳಿಯ ಮುಖಂಡರಿಗೆ ವಿಶೇಷವಾಗಿ ಹೇಳಬೇಕಾದ ಸಂಗತಿ. ಒಂದು ಕೇರಿಯ ಅಥವಾ ಒಂದು ಹಳ್ಳಿಯ ಹಿಡುವಳಿದಾರರು ಕೂಡಿ, ಜಮೀನು ಅವರವರದಾಗಿಯೇ ಉಳಿದು, ಯಂತ್ರಗಳನ್ನು ಒಟ್ಟಿಗೆ ಕೊಂಡು, ಕೆಲಸವನ್ನು ಸರದಿಯ ಮೇಲೆ ಮಾಡಿಕೊಳ್ಳುವ ಏರ್ಪಾಡು ಅದು. ಇಂತಹ ಗ್ರಾಮಕೂಟಗಳು ಆ ದೇಶದಲ್ಲಿ ಸುಮಾರು 14,000 ಇವೆ. ಯಂತ್ರವು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಯಿಂದ ತೀರ್ಮಾನವಾಗದ ವಿಷಯವು, ಯಂತ್ರವು ಯಾರದು, ಎಷ್ಟು ದಿವಸ ದುಡಿಯುತ್ತದೆ ಎಂಬ ಲೆಕ್ಕದಿಂದ ತೀರ್ಮಾನವಾಯಿತು.

ಈಗ ಕೃತಕ ಬುದ್ಧಿಯ ಕಾಲ ಬಂದಿದೆ. ಗಣಕಯಂತ್ರಕ್ಕೆ ಸಾವಿರಾರು ಉದಾಹರಣೆಗಳನ್ನು ತೋರಿಸಿ, ಅವುಗಳಿಂದ ತಾನಾಗಿಯೇ ಭೇದವನ್ನು ಗುರುತಿಸುವಂತೆ ಪಳಗಿಸುವುದೇ ಈ ವಿದ್ಯೆಯ ತಿರುಳು. ಜಪಾನಿನ ವ್ಯವಸಾಯಕ್ಕೆ ಇದು ಬೇಕಾದದ್ದು ಷೋಕಿಗಲ್ಲ. ಬೇಸಾಯವನ್ನೇ ಮುಖ್ಯ ವೃತ್ತಿಯಾಗಿ ಮಾಡುವವರು ಅಲ್ಲಿ 2000ದಲ್ಲಿ ಸುಮಾರು 24 ಲಕ್ಷ ಮಂದಿಯಿದ್ದರು; 2020ರಲ್ಲಿ 13 ಲಕ್ಷ 63 ಸಾವಿರಕ್ಕೂ, 2024ರಲ್ಲಿ ಸುಮಾರು 11 ಲಕ್ಷಕ್ಕೂ ಇಳಿದರು. ಅವರ ಸರಾಸರಿ ವಯಸ್ಸು 2024ರಲ್ಲಿ 69 ವರ್ಷಗಳನ್ನು ದಾಟಿತ್ತು. ಉತ್ತರದ ಹೊಕ್ಕೈಡೊ ಪ್ರಾಂತವನ್ನು ಬಿಟ್ಟರೆ 2020ರಲ್ಲಿ ಒಂದೊಂದು ಬೇಸಾಯದ ಸರಾಸರಿ ವಿಸ್ತೀರ್ಣವು ಸುಮಾರು ಐದೂವರೆ ಎಕರೆ ಮಾತ್ರ. ನೊಗ ಹೊರುವ ಹೆಗಲೇ ಇಲ್ಲದಿರುವಾಗ ಯಂತ್ರ ಬೇಕೆ ಬೇಡವೆ ಎಂಬ ಪ್ರಶ್ನೆಗೆ ಅವಕಾಶವಿಲ್ಲ.

ಆದ್ದರಿಂದಲೇ ಅಲ್ಲಿನ ರೈತರು ಶ್ರಮವನ್ನು ಕಳೆಯುವ ಯಂತ್ರವನ್ನು ಬೇಗನೆ ಒಪ್ಪಿದರು. ಆಳಿಲ್ಲದೆ ಹಾರಿ ಗದ್ದೆಗೆ ಔಷಧಿ ಸಿಂಪಡಿಸುವ ಸಣ್ಣ ಹೆಲಿಕಾಪ್ಟರನ್ನು ಯಮಹ ಕಂಪೆನಿಯವರು 1987ರಲ್ಲಿಯೇ ಹೊರತಂದರು. ಕೊಯ್ಯುತ್ತಲೇ ಬತ್ತದ ತೇವವನ್ನೂ ಸತ್ತ್ವಾಂಶವನ್ನೂ ಅಳೆಯುವ ಕೊಯ್ಲುಯಂತ್ರವೂ, ಆ ಲೆಕ್ಕದಂತೆ ಮುಂದಿನ ವರ್ಷ ಯಾವ ಗದ್ದೆಗೆ ಎಷ್ಟು ಗೊಬ್ಬರವೆಂದು ನಿಶ್ಚಯಿಸುವ ಏರ್ಪಾಡೂ 2014ರಿಂದ ನಡೆದುಬಂದಿವೆ. 2017ರಲ್ಲಿ ಚಾಲಕನಿಲ್ಲದೆ ಉಳುವ ಟ್ರ್ಯಾಕ್ಟರು ಬಂದಿತು. ಆದರೆ ಅದೇ ವರ್ಷ ಸರ್ಕಾರದವರು ಹೊರಡಿಸಿದ ಸುರಕ್ಷತೆಯ ಸೂಚನೆಗಳ ಪ್ರಕಾರ, ಇಂತಹ ಟ್ರ್ಯಾಕ್ಟರು ದುಡಿಯುವಾಗ ಮನುಷ್ಯನೊಬ್ಬನು ನೋಡಿಕೊಳ್ಳುತ್ತಿರಬೇಕು. ಯಂತ್ರಕ್ಕೆ ಕೆಲಸ, ಮನುಷ್ಯನಿಗೆ ಹೊಣೆ ಎಂಬ ವಿಭಾಗವು ಅಲ್ಲಿನ ಮನೋಧರ್ಮಕ್ಕೆ ಒಪ್ಪಿದ್ದು.

ಶಿಜುವೊಕ ಪ್ರಾಂತದ ಒಂದು ಸೌತೆಕಾಯಿ ತೋಟದ ವೃತ್ತಾಂತವು 2016ರಲ್ಲಿ ಬಹಳ ಪ್ರಸಿದ್ಧವಾಯಿತು. ಆ ಮನೆಯ ತಾಯಿ ಉದ್ದ, ಬಣ್ಣ, ಡೊಂಕು, ಮುಳ್ಳು ಇವುಗಳನ್ನು ನೋಡಿ ಕಾಯಿಗಳನ್ನು ಒಂಬತ್ತು ತರಗತಿಗಳಾಗಿ ವಿಂಗಡಿಸುತ್ತಿದ್ದಳು. ಫಸಲಿನ ಕಾಲದಲ್ಲಿ ಇದಕ್ಕೆ ದಿನಕ್ಕೆ ಎಂಟು ಗಂಟೆಯವರೆಗೂ ಹಿಡಿಯುತ್ತಿತ್ತು. ಮೊದಲು ಮೋಟಾರು ಉದ್ಯಮದಲ್ಲಿದ್ದ ಮಗನು, ತಾಯಿ ವಿಂಗಡಿಸಿದ ಕಾಯಿಗಳ ಸುಮಾರು 7,000 ಚಿತ್ರಗಳನ್ನು ಮೂರು ತಿಂಗಳು ಕುಳಿತು ತೆಗೆದು, ಅಗ್ಗದ ಒಂದು ಗಣಕಕ್ಕೆ ಅವನ್ನು ತೋರಿಸಿ, ವಿಂಗಡಿಸುವ ಯಂತ್ರವೊಂದನ್ನು ತಾನೇ ಕಟ್ಟಿದನು. ಪರೀಕ್ಷೆಯ ಚಿತ್ರಗಳಲ್ಲಿ ಅದು ನೂರಕ್ಕೆ 95ಕ್ಕೂ ಮೇಲೆ ಸರಿಯಾಗಿ ಹೇಳಿದರೂ, ನಿಜವಾದ ಕೆಲಸದಲ್ಲಿ ಸುಮಾರು 70ಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳ ಅಂತರವನ್ನು ಮರೆಮಾಚದೆ ಹೇಳಿದ್ದೇ ಆ ಯುವಕನ ಕೆಲಸದ ದೊಡ್ಡ ಗುಣ. ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವಿದೆ. ಯಂತ್ರಕ್ಕೆ ಕಲಿಸಿದ್ದು ತಾಯಿಯ ಕಣ್ಣು. ಅವಳು ವಿಂಗಡಿಸಿಕೊಡದಿದ್ದರೆ ಯಂತ್ರಕ್ಕೆ ಕಲಿಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಬರಹ, ಚಿತ್ರಗಳನ್ನು ರಚಿಸಿಕೊಡುವ ಕೃತಕ ಬುದ್ಧಿಯ ವಿಷಯದಲ್ಲಾದರೋ ಜಪಾನಿನವರು ಹಿಂದೆ ನಿಂತರು. ಅಲ್ಲಿನ ಸರ್ಕಾರವೇ ಪ್ರಕಟಿಸಿದ ವರದಿಗಳ ಪ್ರಕಾರ, ಅದನ್ನು ಬಳಸಿದ್ದೇವೆಂದವರು 2023ರ ಸಮೀಕ್ಷೆಯಲ್ಲಿ ನೂರಕ್ಕೆ 9.1, ಮುಂದಿನ ವರ್ಷದ್ದರಲ್ಲಿ 26.7. ಮೊದಲಿನ ಸಮೀಕ್ಷೆಯಲ್ಲಿಯೇ ಅಮೆರಿಕದಲ್ಲಿ 46.3ರಷ್ಟೂ, ಚೀನದಲ್ಲಿ 56.3ರಷ್ಟೂ ಜನ ಬಳಸಿದ್ದರು. ಬಳಸದವರು ಹೇಳಿದ ಮುಖ್ಯ ಕಾರಣಗಳು ಎರಡು: ಬಳಸುವ ಬಗೆ ತಿಳಿಯದು, ತಮ್ಮ ಬಾಳಿಗೆ ಅದರ ಅವಶ್ಯಕತೆ ಕಾಣದು. ಇದು ದ್ವೇಷದ ಮಾತಲ್ಲ, ಭಯದ ಮಾತೂ ಅಲ್ಲ. ಪ್ರಯೋಜನವನ್ನು ಕಣ್ಣಾರೆ ಕಾಣದವರ ಮಾತು. ಔಷಧಿ ಸಿಂಪಡಿಸುವ ಯಂತ್ರದ ಪ್ರಯೋಜನವು ಗದ್ದೆಯಲ್ಲಿ ಕಾಣುತ್ತದೆ, ತಪ್ಪಿದರೆ ತಪ್ಪೂ ಕಾಣುತ್ತದೆ. ಮಾತನಾಡುವ ಯಂತ್ರವು ತಪ್ಪು ಹೇಳಿದರೆ ಅದನ್ನು ಕಂಡುಹಿಡಿಯುವುದು ಕಷ್ಟ, ಹೊಣೆ ಹೊರುವವರು ಯಾರೆಂಬುದೂ ಸ್ಪಷ್ಟವಿಲ್ಲ.

ಈ ಎಚ್ಚರಿಕೆಯು ಶ್ಲಾಘ್ಯವೇ. ಆದರೆ ಎಚ್ಚರಿಕೆಯ ಹೆಸರಿನಲ್ಲಿ ನಡೆದ ವಿಳಂಬವೆಲ್ಲವೂ ಶ್ಲಾಘ್ಯವೆಂದು ಹೇಳಲಾಗದು. ಎಪ್ಪತ್ತರ ಸಮೀಪದ ರೈತನು ಗದ್ದೆಯನ್ನು ಬಿಡುವಾಗ ಅವನ ಜತೆಗೆ ನೀರು ಕಟ್ಟುವ ಹದವೂ, ಎಲೆಯ ಬಣ್ಣದಿಂದ ರೋಗವನ್ನು ತಿಳಿಯುವ ಬಗೆಯೂ ಹೋಗುತ್ತವೆ. ಕಿತ್ತಳೆಯ ತೋಟಗಳಲ್ಲಿ ಯಾವ ಕಾಯಿಯನ್ನು ಉಳಿಸಿ ಯಾವುದನ್ನು ಕೀಳಬೇಕೆಂದು ನುರಿತವನ ಕಣ್ಣು ಎಲ್ಲೆಲ್ಲಿ ಹರಿಯುತ್ತದೆಂಬುದನ್ನು ಕ್ಯಾಮರಾ ಕಟ್ಟಿ ದಾಖಲುಮಾಡಿ ಹೊಸಬರಿಗೆ ಕಲಿಸುವ ಪ್ರಯತ್ನಗಳು ನಡೆದಿವೆ. ಇಂತಹ ಕೆಲಸವು ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ನಡೆದಿದ್ದರೆ, ಇಪ್ಪತ್ತು ವರ್ಷಗಳಲ್ಲಿ ಬೇಸಾಯ ಬಿಟ್ಟ ಹತ್ತು ಲಕ್ಷಕ್ಕೂ ಮಿಕ್ಕಿದ ಜನರ ಅನುಭವದಲ್ಲಿ ಸ್ವಲ್ಪವಾದರೂ ಉಳಿಯುತ್ತಿತ್ತು. ಮೊಹರು ಒತ್ತುವುದರಲ್ಲಿ ಕಳೆದ ಕಾಲವು ಮರಳಿ ಬಾರದು.

ಸರ್ಕಾರದವರೂ ಇದನ್ನು ಮನಗಂಡಂತಿದೆ. 2019ರಿಂದ ರೈತರ ಹೊಲಗಳಲ್ಲಿಯೇ ಹೊಸ ಯಂತ್ರಗಳ ಪರೀಕ್ಷೆಗಳನ್ನು ದೇಶದ ನಾನಾ ಕಡೆ ನಡೆಸಿದರು. ಅವುಗಳಲ್ಲಿ ಕೆಲಸದ ಹೊತ್ತು ಕಡಮೆಯಾದುದೂ, ಯಂತ್ರದ ವೆಚ್ಚವು ಲಾಭವನ್ನು ನುಂಗಿದುದೂ ಎರಡೂ ಕಂಡುಬಂದು, ಎರಡನ್ನೂ ಪ್ರಕಟಿಸಿದರು. 2024ರ ಅಕ್ಟೋಬರಿನಿಂದ ಇಂತಹ ವ್ಯವಸಾಯಕ್ಕೆ ಉತ್ತೇಜನ ಕೊಡುವ ಕಾನೂನು ಜಾರಿಗೆ ಬಂದಿತು. ಇವೆಲ್ಲಕ್ಕಿಂತಲೂ ಮುಖ್ಯವಾದದ್ದು 2020ರಲ್ಲಿ ವ್ಯವಸಾಯ ಮಂತ್ರಾಲಯವು ಹೊರಡಿಸಿದ ಕರಾರುಗಳ ಮಾರ್ಗಸೂಚಿ. ರೈತನ ಹೊಲದ ಲೆಕ್ಕವನ್ನೂ ಅವನ ಕೈಚಳಕವನ್ನೂ ಯಂತ್ರದ ಕಂಪೆನಿಯವರು ಪಡೆಯುವಾಗ, ಅದನ್ನು ಯಾವ ಉದ್ದೇಶಕ್ಕೆ ಬಳಸುತ್ತಾರೆ, ಅನ್ಯರಿಗೆ ಕೊಡುತ್ತಾರೆಯೇ ಎಂಬುದನ್ನು ಕರಾರಿನಲ್ಲಿ ಬರೆದಿಡಬೇಕೆಂಬುದು ಅದರ ಸಾರಾಂಶ. ಮೂರು ತಲೆಮಾರುಗಳ ಅನುಭವವನ್ನು ಪುಕ್ಕಟೆಯಾಗಿ ಕೊಟ್ಟು, ಅದನ್ನೇ ಮರಳಿ ಬಾಡಿಗೆಗೆ ಪಡೆಯುವ ಗತಿ ರೈತನಿಗೆ ಬರಬಾರದು.

ಜಪಾನಿನ ವ್ಯವಸಾಯದ ಮಾತು ಕನ್ನಡ ನಾಡಿಗೆ ಹೊಸದಲ್ಲ. 1953ರಿಂದ ಭಾರತದಲ್ಲೆಲ್ಲ ಪ್ರಚಾರವಾದ ಜಪಾನೀ ಬತ್ತದ ಪದ್ಧತಿಯ ಸಾಲುನಾಟಿ, 1990ರ ದಶಕದಲ್ಲಿ ಆ ದೇಶದವರ ನೆರವಿನಿಂದ ಮೈಸೂರಿನಲ್ಲಿ ಬೆಳೆದ ದ್ವಿತಳಿ ರೇಷ್ಮೆಯ ವಿದ್ಯೆ, ಇವೆರಡೂ ಇಲ್ಲಿಯ ಅನುಭವಕ್ಕೆ ಬಂದವೇ. ಇಲ್ಲಿಯೂ ರೈತರ ಮನಸ್ಸನ್ನು ಒಲಿಸಿದ್ದು ನೆರೆಯವನ ಗದ್ದೆಯಲ್ಲಿ ಕಂಡ ತೆನೆಯೂ, ನೆರೆಮನೆಯ ತಟ್ಟೆಯಲ್ಲಿ ಕಂಡ ಗೂಡೂ ಹೊರತು ಬರಿಯ ಭಾಷಣವಲ್ಲ.

ಆದಕಾರಣ ಬುದ್ಧಿಯಂತ್ರಗಳನ್ನು ಮಾರುವವರು ಹಳ್ಳಿಯ ಬಾಗಿಲಿಗೆ ಬಂದಾಗ ಮುಖಂಡರು ಅವರನ್ನು ಓಡಿಸುವುದೂ ಬೇಡ, ಆ ದಿವಸವೇ ರುಜು ಹಾಕುವುದೂ ಬೇಡ. ಒಂದು ಗದ್ದೆಯಲ್ಲಿ ಒಂದು ಫಸಲಿನವರೆಗೆ ನಡೆಯಿಸಿ ತೋರಿಸೆಂದು ಕೇಳಲಿ. ಪರೀಕ್ಷೆಯಲ್ಲಿ ಎಷ್ಟು, ಹೊಲದಲ್ಲಿ ಎಷ್ಟು ಎಂದು ಎರಡು ಸಂಖ್ಯೆಗಳನ್ನೂ ಕೇಳಲಿ. ಒಬ್ಬೊಬ್ಬರೇ ಸಾಲ ಮಾಡಿ ಕೊಳ್ಳುವುದಕ್ಕೆ ಬದಲಾಗಿ ಸಹಕಾರ ಸಂಘದ ಮೂಲಕ ಕೊಳ್ಳುವ ಮಾರ್ಗವನ್ನು ಯೋಚಿಸಲಿ. ಊರಿನ ಲೆಕ್ಕವು ಯಾರ ವಶದಲ್ಲಿರುವುದೆಂಬುದನ್ನು ಕನ್ನಡದಲ್ಲಿ ಬರೆಯಿಸಿಕೊಳ್ಳಲಿ. ಇವುಗಳಿಗೆ ಮಾರುವವನ ಒಪ್ಪಿಗೆ ಬೇಕು. ಊರಿನ ಹಿರಿಯ ಬೇಸಾಯಗಾರರನ್ನು ಕೂಡಿಸಿ ಅವರಿಗೆ ತಿಳಿದದ್ದನ್ನು ಬರೆದಿಡುವ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಯಾವ ಯಂತ್ರವೂ ಬೇಕಿಲ್ಲ. ಅದನ್ನು ಈ ಬೇಸಗೆಯಲ್ಲಿಯೇ ಆರಂಭಿಸಬಹುದು.