ದಂಡ ಹಾಕುವ ಮೊದಲು ಫಲಕ ಹಾಕಿ

ವಿಜಯಪುರದ ಗಾಂಧಿ ಚೌಕದಲ್ಲಿ ಗಾಡಿ ಹಚ್ಚಿದ್ದಕ್ಕೆ ಬಿದ್ದ ದಂಡ ಅನ್ಯಾಯದ್ದು ಎಂದು ಮನಸ್ಸಿಗೆ ಖಾತ್ರಿಯಾದವರು ಅದನ್ನು ಪ್ರಶ್ನಿಸದೆ ಕಟ್ಟಕೂಡದು. ಹಾಗೆ ಪ್ರಶ್ನಿಸಿದವರ ಮಾತನ್ನು ಇದೇ ಊರಿನಲ್ಲಿ ಕೂತು ಕೇಳಿ, ಕಾಗದದ ಮೇಲೆ ಉತ್ತರ ಕೊಡುವ ಏರ್ಪಾಡನ್ನು ಸಂಚಾರ ಪೊಲೀಸರು ಮಾಡಲೇಬೇಕು. ಎಲ್ಲಿ ಗಾಡಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಬಾರದು ಎಂಬುದನ್ನು ಫಲಕ ಹಾಕಿ, ಗೆರೆ ಎಳೆದು ತೋರಿಸುವುದು ಮಹಾನಗರ ಪಾಲಿಕೆ ಮತ್ತು ಪೊಲೀಸ್ ಇಲಾಖೆ ಇಬ್ಬರ ಹೊಣೆ. ಆ ಹೊಣೆಯನ್ನು ಪೂರೈಸದ ಬೀದಿಯಲ್ಲಿ ದಂಡದ ಪುಸ್ತಕ ತೆರೆಯುವ ಹಕ್ಕು ಯಾರಿಗೂ ಇಲ್ಲ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ದಂಡದ ಚೀಟಿ ಕೈಗೆ ಬಂದಾಗ ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮಂದಿಗೆ ಸಿಗುವ ಸಲಹೆ ಒಂದೇ: "ಹೋಗ್ಲಿ ಬಿಡ್ರೀ, ಕೊಟ್ಟು ಕೈ ತೊಳಕೋರಿ. ಐನೂರು ರೂಪಾಯಿ ಸಲುವಾಗಿ ಯಾರು ಕೋರ್ಟು-ಕಚೇರಿ ಅಲೀತಾರ?" ತಿಕೋಟಾದಿಂದ ಒಣದ್ರಾಕ್ಷಿ ಲೆಕ್ಕ ಮುಗಿಸಲು ಬಂದ ರೈತನಾಗಲಿ, ಬಬಲೇಶ್ವರದಿಂದ ತಾಯಿಯನ್ನು ದವಾಖಾನೆಗೆ ಕರೆತಂದ ಮಗನಾಗಲಿ ಈ ಸಲಹೆಯನ್ನು ತಳ್ಳಿಹಾಕುವುದು ಕಷ್ಟ. ದಂಡ ಪ್ರಶ್ನಿಸಬೇಕಾದರೆ ಇನ್ನೊಂದು ದಿನ ಊರು ಬಿಟ್ಟು ಬರಬೇಕು. ಆ ದಿನದ ಕೂಲಿ ಅಥವಾ ಹೊಲದ ಕೆಲಸ ಹೋಯಿತು, ಮೇಲೆ ಬಸ್ಸಿನ ಖರ್ಚು, ವಕೀಲರ ಶುಲ್ಕ. ಗೆದ್ದರೂ ಕೈಯಿಂದಲೇ ಹೋಗುತ್ತದೆ. ದಂಡ ಸರಿಯೋ ತಪ್ಪೋ ಎಂಬ ಪ್ರಶ್ನೆ ಏಳುವ ಮೊದಲೇ ಈ ಲೆಕ್ಕಾಚಾರ ಅದನ್ನು ಮುಗಿಸಿಬಿಡುತ್ತದೆ. ತಪ್ಪು ಮಾಡದವನೂ ತಪ್ಪೊಪ್ಪಿಕೊಂಡವರ ಪಟ್ಟಿಗೆ ಸೇರುತ್ತಾನೆ.

ಕಾನೂನು ಹೇಳುವುದೇನು ಎಂಬುದನ್ನು ಓದುಗರು ಒಮ್ಮೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಅಪಾಯ, ಅಡಚಣೆ ಅಥವಾ ಅನಗತ್ಯ ತೊಂದರೆ ಆಗುವಂತೆ ವಾಹನ ನಿಲ್ಲಿಸುವುದು ಅಪರಾಧ. ಬರೀ ನಿಲ್ಲಿಸಿದ್ದು ಅಪರಾಧವಲ್ಲ, ಅದರಿಂದ ಯಾರಿಗೋ ತೊಡಕಾಗಿರಬೇಕು ಅಥವಾ ಆಗುವ ಸಂಭವವಿರಬೇಕು. 177ನೇ ಕಲಮಿನ ಸಾಮಾನ್ಯ ದಂಡ ಮೊದಲು 100 ರೂಪಾಯಿ ಇತ್ತು. 2019ರ ತಿದ್ದುಪಡಿಯ ನಂತರ, ಆ ವರ್ಷದ ಸೆಪ್ಟೆಂಬರ್ 1ರಿಂದ, ಮೊದಲ ಸಲಕ್ಕೆ 500, ಮತ್ತೆ ಮಾಡಿದರೆ 1,500 ಆಯಿತು. ಜನ ನೆನಪಿಟ್ಟುಕೊಂಡಿರುವುದು ಕಾಯ್ದೆಯ ಈ ಅರ್ಧವನ್ನು ಮಾತ್ರ, ಏಕೆಂದರೆ ಅವರಿಗೆ ಮುಟ್ಟಿದ್ದು ಇದೇ. ಇನ್ನರ್ಧ ಸರಕಾರಕ್ಕೆ ಹೇಳಿದ ಮಾತು. ವಾಹನ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸುವ ಅಧಿಕಾರ 117ನೇ ಕಲಮಿನಲ್ಲಿದೆ. ಸಂಚಾರ ಫಲಕ ನಿಲ್ಲಿಸುವ ಅಧಿಕಾರ 116ರಲ್ಲಿದೆ. ಆ ಫಲಕ ಹೇಗಿರಬೇಕೆಂಬುದೂ ನಿಗದಿಯಾಗಿದೆ: ನೀಲಿ ವೃತ್ತ, ಕೆಂಪು ಅಂಚು, ಅಡ್ಡಲಾಗಿ ಒಂದು ಕೆಂಪು ಪಟ್ಟಿ. ಅಂಗಡಿಯವರು ತಮ್ಮ ಬಾಗಿಲ ಮುಂದೆ ನೇತುಹಾಕಿದ ರಟ್ಟಿನ ಬೋರ್ಡು ಸಂಚಾರ ಫಲಕವಲ್ಲ. ಗೋಡೆಯ ಮೇಲೆ ಯಾರೋ ಬಣ್ಣದಲ್ಲಿ ಗೀಚಿದ ಅಕ್ಷರವೂ ಅಲ್ಲ.

ಆದರೆ ಫಲಕ ಇಲ್ಲದ ಕಡೆಯೆಲ್ಲ ಗಾಡಿ ಹಚ್ಚಬಹುದು ಎಂದು ಯಾರೂ ತಿಳಿಯಬಾರದು. ಪಾದಚಾರಿ ಮಾರ್ಗದ ಮೇಲೆ, ಕೂಡುರಸ್ತೆಯ ಮೂಲೆಯಲ್ಲಿ, ಬಸ್ ನಿಲ್ದಾಣದ ಎದುರು, ದವಾಖಾನೆ ಮತ್ತು ಶಾಲೆಯ ಬಾಗಿಲಿಗೆ ಅಡ್ಡವಾಗಿ, ಮೊದಲೇ ನಿಂತ ಗಾಡಿಯ ಮಗ್ಗುಲಿಗೆ ಎರಡನೇ ಸಾಲಾಗಿ ನಿಲ್ಲಿಸುವುದು ಫಲಕ ಇರಲಿ ಬಿಡಲಿ ತಪ್ಪೇ. ಸಂಜೆ ಹೊತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಕಡೆ ಇಂಥ ಎರಡನೇ ಸಾಲು ಹಚ್ಚಿ ಸಂತೆಗೆ ಹೋಗುವವರ ಪರ ಈ ಲೇಖನ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಅವರು ದಂಡ ಕಟ್ಟಲಿ, ಸುಮ್ಮನೆ ಕಟ್ಟಲಿ. ಅಂಬುಲೆನ್ಸು ಒಂದು ನಿಮಿಷ ನಿಂತರೂ ಅದರೊಳಗೆ ಇರುವ ಜೀವಕ್ಕೆ ಆ ನಿಮಿಷ ತಿರುಗಿ ಬರುವುದಿಲ್ಲ. ಬಿಸಿಲಲ್ಲಿ, ಹೊಗೆಯಲ್ಲಿ ದಿನವಿಡೀ ಚೌಕದ ನಡುವೆ ನಿಂತು ಕೈಸನ್ನೆ ಮಾಡುವ ಪೇದೆಯ ಮೇಲೂ ನಮಗೆ ದೂರಿಲ್ಲ. ಮೇಲಿನವರು ಕೊಟ್ಟ ಯಂತ್ರವನ್ನು ಆತ ಒತ್ತುತ್ತಾನೆ. ಯಂತ್ರ ಕೊಟ್ಟವರು ಬೀದಿಗೆ ಏನು ಕೊಟ್ಟಿದ್ದಾರೆ ಎಂಬುದನ್ನು ಕೇಳಬೇಕು.

ಗಾಂಧಿ ಚೌಕ ಮೋಟಾರು ಗಾಡಿಗಳಿಗಾಗಿ ಹುಟ್ಟಿದ ಜಾಗವಲ್ಲ. ಆದಿಲಶಾಹಿ ಕೋಟೆಯೊಳಗೆ ಬೆಳೆದ ಪೇಟೆಯ ಹರವಿನ ಮೇಲೆ ಇಂದು ಒಂದು ಜಿಲ್ಲೆಯ ವ್ಯಾಪಾರವೆಲ್ಲ ಬಂದು ಬೀಳುತ್ತಿದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಇಂಥ ಕಡೆ ನಿರ್ಬಂಧ ಬೇಕು, ನಿಜ. ಆದರೆ ನಿರ್ಬಂಧದ ಜತೆಗೆ ಗಾಡಿ ನಿಲ್ಲಿಸುವ ಬೇರೆ ಜಾಗವೂ ಬೇಕು. ಊರೂರಲ್ಲಿ ನಡೆದದ್ದು ಎಲ್ಲರಿಗೂ ಗೊತ್ತಿದೆ: ಕಟ್ಟಡದ ನಕ್ಷೆಯಲ್ಲಿ ತಳಮಹಡಿ ವಾಹನ ನಿಲುಗಡೆಗೆಂದು ತೋರಿಸಿ ಪರವಾನಿಗೆ ಪಡೆಯುತ್ತಾರೆ, ವರ್ಷ ತುಂಬುವುದರೊಳಗೆ ಅಲ್ಲಿ ಬಟ್ಟೆ ಅಂಗಡಿ ತೆರೆದಿರುತ್ತದೆ. ಗಿರಾಕಿಯ ಗಾಡಿ ರಸ್ತೆಗೆ ಬೀಳುತ್ತದೆ. ದಂಡ ಗಿರಾಕಿಗೆ. ನಕ್ಷೆಗೆ ಸಹಿ ಹಾಕಿದವರನ್ನು, ತಳಮಹಡಿಯನ್ನು ಬಾಡಿಗೆಗೆ ಕೊಟ್ಟವರನ್ನು ಯಾವ ಚಲನ್ ಕೂಡ ಹುಡುಕಿಕೊಂಡು ಹೋಗುವುದಿಲ್ಲ. ಪಾಲಿಕೆಯ ಆಯುಕ್ತರು ಗಾಂಧಿ ಚೌಕದಿಂದ ಮಹಾತ್ಮ ಗಾಂಧಿ ರಸ್ತೆಯುದ್ದಕ್ಕೂ ಒಂದೊಂದೇ ಕಟ್ಟಡದ ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು ನಡೆಯಲಿ. ದಂಡ ಎಲ್ಲಿಂದ ಶುರುವಾಗಬೇಕು ಎಂಬುದು ಅವರಿಗೇ ಕಾಣುತ್ತದೆ.

ವಾಹನ ನಿಲುಗಡೆಯ ದಂಡ ಹೇಗೆ ಹಳಿ ತಪ್ಪುತ್ತದೆ ಎಂಬುದನ್ನು ಬೆಂಗಳೂರು ಈಗಾಗಲೇ ಅನುಭವಿಸಿದೆ. ಅಲ್ಲಿ ಖಾಸಗಿಯವರ ಟೋಯಿಂಗ್ ವಾಹನಗಳು ಬೀದಿಬದಿಯ ಗಾಡಿಗಳನ್ನು ಎತ್ತಿಕೊಂಡು ಹೋಗುತ್ತಿದ್ದವು. ಎತ್ತುವ ಮೊದಲು ಮೈಕಿನಲ್ಲಿ ಕೂಗಿ ಹೇಳುತ್ತಿಲ್ಲ, ಮಾಲೀಕ ಓಡಿಬಂದು ಅಂಗಲಾಚಿದರೂ ಇಳಿಸುತ್ತಿಲ್ಲ ಎಂಬ ದೂರುಗಳು ಬೆಟ್ಟದಷ್ಟಾದವು. 127ನೇ ಕಲಮಿನ ಪ್ರಕಾರ ವಾಹನ ಎತ್ತಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯೇ ಅನುಮತಿ ಕೊಡಬೇಕು. ಗುತ್ತಿಗೆದಾರನ ಹುಡುಗರ ವಿವೇಚನೆಗೆ ಬಿಟ್ಟ ಕೆಲಸ ಅದಲ್ಲ. ಕೊನೆಗೆ 2022ರ ಫೆಬ್ರವರಿ ಮೊದಲ ವಾರ ಸರಕಾರವೇ ಟೋಯಿಂಗ್ ನಿಲ್ಲಿಸಬೇಕಾಯಿತು. ಆಗ ಗೃಹ ಸಚಿವರಾಗಿದ್ದವರು ಆರಗ ಜ್ಞಾನೇಂದ್ರ. ಜನ ಸಿಟ್ಟಿಗೆದ್ದು ದನಿ ಎತ್ತಿದ್ದರಿಂದ ಅದು ನಿಂತಿತು, ಇಲಾಖೆ ತಾನಾಗಿ ಕಣ್ಣು ತೆರೆದದ್ದರಿಂದಲ್ಲ.

ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯನ್ನು ರಾಜ್ಯ ಯಾವ ಪ್ರತಿರೋಧವೂ ಇಲ್ಲದೆ ಒಪ್ಪಿಕೊಂಡುಬಿಟ್ಟಿದೆ. 2023ರ ಫೆಬ್ರವರಿಯಲ್ಲಿ, ಬಾಕಿ ಉಳಿದ ಸಂಚಾರ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟು ಸರಕಾರ ಆದೇಶ ಹೊರಡಿಸಿತು. 11ನೇ ತಾರೀಖಿನವರೆಗೆ ಅವಕಾಶ. ಬೆಂಗಳೂರೊಂದರಲ್ಲೇ ವಸೂಲಿ 100 ಕೋಟಿ ರೂಪಾಯಿ ದಾಟಿತು. ಅದರ ರುಚಿ ಹತ್ತಿತು. ಅದೇ ವರ್ಷ ಮತ್ತೆ ರಿಯಾಯಿತಿ ಬಂತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ ಬಂತು. ಬಾಕಿ ಕಡಿಮೆಯಾಯಿತು, ಕೋರ್ಟಿನ ಹೊರೆ ಇಳಿಯಿತು ಎಂದು ಎಲ್ಲರೂ ಸಂತೋಷಪಟ್ಟರು. ನಾವು ಸಂತೋಷಪಡುವುದಿಲ್ಲ. ಚೀಟಿ ಬಂದ ವಾರದಲ್ಲೇ ಪೂರ್ತಿ ದಂಡ ಕಟ್ಟಿದ ಪ್ರಾಮಾಣಿಕನಿಗೆ ಈ ರಿಯಾಯಿತಿ ಏನು ಹೇಳಿತು? ಮುಂದಿನ ಸಲ ಕಟ್ಟಬೇಡ, ಕಾಯುತ್ತಿರು ಎಂದು ಹೇಳಿತು. ಹತ್ತಾರು ಚಲನ್ ಬಾಕಿ ಇಟ್ಟುಕೊಂಡು ಮೆರೆದವನಿಗೆ ಬಹುಮಾನ ಕೊಟ್ಟಿತು. ಎಲ್ಲಕ್ಕಿಂತ ಹೆಚ್ಚಿನ ಕೇಡು ಆದದ್ದು ತಪ್ಪೇ ಮಾಡದವನಿಗೆ. ತನ್ನ ಮೇಲಿನ ಚಲನ್ ಸುಳ್ಳು ಎಂದು ಹೋರಾಡಲು ಮನಸ್ಸು ಮಾಡಿದ್ದವನ ಮುಂದೆ 500ರ ಬದಲು 250 ಇಟ್ಟು, ಇಷ್ಟಕ್ಕೆ ಮುಗಿಸಿಬಿಡು ಎಂದರೆ ಆತ ಮುಗಿಸಿಬಿಡುತ್ತಾನೆ. ನಿರಪರಾಧಿಗೆ ಅರ್ಧ ದಂಡವೂ ಪೂರ್ತಿ ಅನ್ಯಾಯವೇ. ಆ ಚಲನ್ ತಪ್ಪಾಗಿತ್ತೇ, ಅದನ್ನು ಹಾಕಿದವರು ಏಕೆ ಹಾಕಿದರು, ಅದೇ ಜಾಗದಲ್ಲಿ ಇನ್ನೆಷ್ಟು ಜನಕ್ಕೆ ಹೀಗೇ ಬಿದ್ದಿದೆ ಎಂಬ ಪ್ರಶ್ನೆಗಳೆಲ್ಲ ಆ 250 ರೂಪಾಯಿಯ ಅಡಿಯಲ್ಲಿ ಹೂತುಹೋಗುತ್ತವೆ.

ಕಾಯ್ದೆಯ ರಚನೆಯಲ್ಲೇ ಈ ವಾಲಿಕೆ ಇದೆ. 208ನೇ ಕಲಮು ತಪ್ಪೊಪ್ಪಿಗೆಯನ್ನು ಮನಿಯಾರ್ಡರ್ ಕೂಪನ್ನಿನಲ್ಲೇ ಬರೆದು ಅಂಚೆಯ ಮೂಲಕ ಹಣ ಕಟ್ಟಲು ಅವಕಾಶ ಕೊಡುತ್ತದೆ. ತಪ್ಪು ಮಾಡಿಲ್ಲ ಎನ್ನುವವನು ತಾನಾದರೂ ಹೋಗಬೇಕು, ವಕೀಲರನ್ನಾದರೂ ಕಳಿಸಬೇಕು. ಅಂಚೆಯ ಕಾಲ ಹೋಗಿ ಮೊಬೈಲ್ ಕಾಲ ಬಂದ ಮೇಲೆ ಈ ಅಂತರ ಇನ್ನಷ್ಟು ದೊಡ್ಡದಾಗಿದೆ. ಒಪ್ಪಿಕೊಳ್ಳುವವನಿಗೆ ಎರಡು ನಿಮಿಷ, ಒಪ್ಪದವನಿಗೆ ತಿಂಗಳುಗಟ್ಟಲೆ ತಾರೀಖು. ಹಣ ಕಟ್ಟುವುದನ್ನು ಇಷ್ಟು ಸುಲಭ ಮಾಡಲು ಬಲ್ಲ ಸರಕಾರಕ್ಕೆ ತಕರಾರು ಕೇಳುವುದನ್ನು ಅಷ್ಟೇ ಸುಲಭ ಮಾಡಲು ಬರುವುದಿಲ್ಲ ಎಂದರೆ ನಾವು ನಂಬುವುದಿಲ್ಲ.

ಕ್ಯಾಮೆರಾ ಚಲನ್‌ಗಳ ಬಗ್ಗೆ ಜನ ತಿಳಿದಿರಬೇಕಾದ ನಿಯಮವೊಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ಸೇರಿತು. ಅದರಂತೆ ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕ ಇರಬೇಕು, ಘಟನೆ ನಡೆದ 15 ದಿನಗಳೊಳಗೆ ನೋಟಿಸು ಕಳಿಸಬೇಕು. ಚಲನ್ ಜತೆ ಅಪರಾಧವೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಚಿತ್ರ, ತಾರೀಖು, ಸಮಯ, ಸ್ಥಳ, ಉಲ್ಲಂಘನೆಯಾದ ಕಲಮು ಎಲ್ಲ ಇರಬೇಕು. ಕೆಎ-28ರ ಮುಂದೆ ಒಂದು ಅಂಕಿ ತಪ್ಪಿ ಬಿದ್ದರೂ ಸಾಕು, ಊರಿಂದ ಹೊರಗೇ ಬರದ ಗಾಡಿಗೆ ಚಲನ್ ಹೋಗುತ್ತದೆ. ಚಿತ್ರವನ್ನು ತೆರೆದು ನೋಡದೆ ಕಟ್ಟುವವರು ಇನ್ನೊಬ್ಬರ ತಪ್ಪಿಗೆ ತಮ್ಮ ದುಡ್ಡು ಕಟ್ಟುತ್ತಿರಬಹುದು.

ಆದ್ದರಿಂದ ದಂಡ ಬಿದ್ದ ಗಳಿಗೆಯಲ್ಲೇ ಮೊಬೈಲ್ ತೆಗೆಯಿರಿ. ಗಾಡಿ ನಿಂತ ಜಾಗ, ರಸ್ತೆಯ ಎರಡೂ ಬದಿ, ಫಲಕ ಇದ್ದರೆ ಅದು, ಇಲ್ಲದಿದ್ದರೆ ಖಾಲಿ ಕಂಬ, ಎಲ್ಲದರ ಚಿತ್ರ ಹಿಡಿಯಿರಿ. ಪೇದೆಯ ಜತೆ ಜಗಳಕ್ಕೆ ನಿಲ್ಲಬೇಡಿ, ಅಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ. ಚಲನ್‌ನಲ್ಲಿ ಬರೆದ ಕಲಮು, ಸಮಯ, ಸ್ಥಳ ಓದಿಕೊಳ್ಳಿ. ಅದರಲ್ಲಿ ಕೊಟ್ಟ ಗಡುವು ಮೀರಬೇಡಿ, ಚೀಟಿಯನ್ನು ಕಿಸೆಯಲ್ಲಿಟ್ಟು ಮರೆಯುವುದು ಹೋರಾಟವಲ್ಲ. ಸಂಚಾರ ಠಾಣೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇ-ಚಲನ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಆ ಬೀದಿಯಲ್ಲಿ ವಾಹನ ನಿಲುಗಡೆ ನಿಷೇಧಿಸಿದ ಆದೇಶದ ಪ್ರತಿ ಕೊಡಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಇದಕ್ಕೆ ನಾಲ್ಕು ಸಾಲೇ ಸಾಕು. ಆದೇಶದ ಪ್ರತಿ ಬಂದರೆ ನಿಮ್ಮ ಚಲನ್ ಜತೆ ಹೋಲಿಸಿ ನೋಡಿ. ಅಂಥ ಆದೇಶವೇ ಇಲ್ಲ ಎಂಬ ಉತ್ತರ ಬಂದರೆ ಆ ಕಾಗದವನ್ನು ಜೋಪಾನ ಮಾಡಿ, ನ್ಯಾಯಾಲಯದಲ್ಲಿ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನಿಮಗೆ ಸಿಗಲಾರದು. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯ್ದೆ ಉಚಿತ ನೆರವು ಕೊಟ್ಟಿದೆ. ಲೋಕ ಅದಾಲತ್‌ಗೆ ಹೋಗುವವರು ಒಂದು ಮಾತು ಗಮನದಲ್ಲಿಡಿ: ಅಲ್ಲಿ ರಾಜಿಯಾದರೆ ಅದೇ ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ತಪ್ಪು ನಿಮ್ಮದಲ್ಲ ಎಂದು ತೋರಿಸಲು ಹೋದವರು ರಿಯಾಯಿತಿ ಸಿಕ್ಕಿತೆಂದು ರಾಜಿಗೆ ಸಹಿ ಹಾಕಿ ಬರಬೇಡಿ.

ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಂದ ನಾವು ಕೇಳುವುದು ಹೆಚ್ಚೇನಲ್ಲ. ವಾರಕ್ಕೊಂದು ದಿನ, ಸಂತೆಗೋ ಪೇಟೆಗೋ ಹಳ್ಳಿಯವರು ಹೇಗೂ ಬರುವ ದಿನ, ಹಿರಿಯ ಅಧಿಕಾರಿಯೊಬ್ಬರು ಗಾಂಧಿ ಚೌಕದ ಸಮೀಪವೇ ಕೂತು ಚಲನ್ ತಕರಾರು ಕೇಳಲಿ. ತಪ್ಪು ಚಲನ್ ಕಂಡರೆ ಅಲ್ಲೇ ರದ್ದತಿಗೆ ಬರೆಯಲಿ, ಸರಿ ಇದ್ದರೆ ಏಕೆ ಸರಿ ಎಂಬುದನ್ನು ಎರಡು ಸಾಲಲ್ಲಿ ಬರೆದು ಕೊಡಲಿ. ನಿಷೇಧಿತ ಬೀದಿಗಳ ಆದೇಶ ಚೌಕದಲ್ಲಿ, ತಿಕೋಟಾ ಮತ್ತು ಬಬಲೇಶ್ವರದ ಬಸ್ ನಿಲ್ದಾಣಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಕನ್ನಡದಲ್ಲಿ ಅಂಟಿಸಲಿ. ಪಾಲಿಕೆ ಗೆರೆ ಎಳೆಯಲಿ, ಅಳಿಸಿದ ಗೆರೆಗೆ ಮತ್ತೆ ಬಣ್ಣ ಹಚ್ಚಲಿ, ತಳಮಹಡಿಗಳನ್ನು ಗಾಡಿಗಳಿಗೆ ಬಿಡಿಸಲಿ. ಇಷ್ಟಾದ ಮೇಲೆ ತಪ್ಪು ಜಾಗದಲ್ಲಿ ಗಾಡಿ ಹಚ್ಚಿದವರು ಯಾರೇ ಇರಲಿ, ಯಾರ ಹೆಸರು ಹೇಳಿಕೊಂಡೇ ಬರಲಿ, ಪೂರ್ತಿ ದಂಡ ವಸೂಲಾಗಲಿ. ಇಷ್ಟೂ ಆಗುವವರೆಗೆ ಫಲಕವಿಲ್ಲದ ಬೀದಿಯಲ್ಲಿ, ಯಾರಿಗೂ ಅಡ್ಡಿಯಾಗದಂತೆ ನಿಂತ ಗಾಡಿಗೆ ಹಾಕಿದ ಪ್ರತಿಯೊಂದು ಚಲನ್ ಹಿಂತೆಗೆದುಕೊಳ್ಳಬೇಕು, ಕಟ್ಟಿಸಿಕೊಂಡ ಹಣ ವಾಪಸು ಕೊಡಬೇಕು.